ಷರತ್ತಿನೊಳಗೊಂದು ಷರತ್ತು: ನಕ್ಷೆಯ ಕಡತದಲ್ಲಿ ಊರನ್ನು ಹುಡುಕುವ ಬಗೆ

ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಹಾದಿಯಲ್ಲಿ ದೊಡ್ಡಬಳ್ಳಾಪುರವನ್ನೂ ಮಾಕಳಿದುರ್ಗವನ್ನೂ ದಾಟಿದ ಮೇಲೆ, ಗೌರಿಬಿದನೂರು ಬರುವುದಕ್ಕೆ ಮೊದಲು, ತೊಂಡೇಬಾವಿ ಎಂಬ ನಿಲ್ದಾಣವೊಂದಿದೆ. ಕರ್ನಾಟಕದ ರೈಲು ನಿಲ್ದಾಣಗಳ ಹಲಗೆಯ ಮೇಲೆ ಊರಿನ ಹೆಸರನ್ನು ಕನ್ನಡ, ಹಿಂದಿ, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ಬರೆಯುವುದು ವಾಡಿಕೆಯಷ್ಟೆ. ಹಲಗೆಯನ್ನು ಕಣ್ಣಾರೆ ಕಂಡ ಪ್ರಯಾಣಿಕನಿಗೆ ಊರಿನ ಹೆಸರಿನ ವಿಷಯದಲ್ಲಿ ಸಂದೇಹವುಂಟಾಗುವುದಿಲ್ಲ. ಆದರೆ ರೋಮನ್ ಲಿಪಿಯ ಹೆಸರೊಂದೇ ಕೈಯಲ್ಲಿದ್ದು, ಅದರಿಂದ ಕನ್ನಡದ ಹೆಸರನ್ನು ಊಹಿಸಬೇಕಾಗಿ ಬಂದರೆ ಕಷ್ಟ ತಪ್ಪದು. ರೋಮನ್ ಲಿಪಿಯ ‘ಟಿ’ ಅಕ್ಷರವು ನಮ್ಮ ತಕಾರಕ್ಕೂ ಸಲ್ಲುತ್ತದೆ, ಟಕಾರಕ್ಕೂ ಸಲ್ಲುತ್ತದೆ. ‘ಓ’ ಎಂಬ ಅಕ್ಷರವು ಹ್ರಸ್ವವೋ ದೀರ್ಘವೋ ತಿಳಿಯದು. ಬಕಾರದ ಮುಂದೆ ‘ಎಚ್’ ಅಕ್ಷರವನ್ನು ಕೆಲವರು ಸೇರಿಸುವರು, ಕೆಲವರು ಬಿಡುವರು. ಸೇರಿಸಿದರೆ ನೀರು ಸೇದುವ ‘ಬಾವಿ’ಯು ಮುಂದೆ ಬರಲಿರುವ ‘ಭಾವಿ’ಯಾಗಿಬಿಡುತ್ತದೆ! ಹೀಗೆ ಕೆಟ್ಟ ಹೆಸರು ನಕ್ಷೆಯನ್ನು ಸೇರಿದರೆ, ಊರನ್ನು ಕನ್ನಡದಲ್ಲಿ ಹುಡುಕುವವನಿಗೆ ಆ ಊರು ಇದ್ದೂ ಇಲ್ಲದಂತಾಗುತ್ತದೆ.

ಇಂದು ಕಂಪ್ಯೂಟರಿನಲ್ಲಿಯೂ ದೂರವಾಣಿಯಲ್ಲಿಯೂ ನಾವು ನೋಡುವ ನಕ್ಷೆಗಳಲ್ಲಿ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬುದು ಒಂದು. ಇದನ್ನು ಇಂಗ್ಲೆಂಡಿನಲ್ಲಿ 2004ರಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದರು. ಯಾರು ಬೇಕಾದರೂ ತಮ್ಮ ಊರಿನ ಬೀದಿ, ಕೆರೆ, ಶಾಲೆಗಳನ್ನು ಇದರಲ್ಲಿ ಗುರುತಿಸಬಹುದು. ಪ್ರತಿಯೊಂದು ಸ್ಥಳಕ್ಕೂ ಬೇರೆಬೇರೆ ಭಾಷೆಗಳ ಹೆಸರನ್ನು ಬೇರೆಬೇರೆಯಾಗಿ ಸೇರಿಸಬಹುದು. ಗೌರಿಬಿದನೂರಿನ ಸುತ್ತಲ ಹಳ್ಳಿಗಳಲ್ಲಿ ಯಾವುವಕ್ಕೆ ಕನ್ನಡದ ಹೆಸರನ್ನು ಇನ್ನೂ ಸೇರಿಸಿಲ್ಲ ಎಂಬ ಪಟ್ಟಿಯನ್ನು ತಯಾರಿಸಬೇಕೆಂದು ಒಬ್ಬ ವಿದ್ಯಾರ್ಥಿಯು ಸಂಕಲ್ಪಿಸಿದನೆನ್ನೋಣ. ಸಾವಿರಾರು ಸಾಲುಗಳ ಕಡತವನ್ನು ಕಣ್ಣಿನಿಂದ ಓದಿ ಮುಗಿಸುವುದು ಅಸಾಧ್ಯ. ಗಣಕಯಂತ್ರಕ್ಕೆ ಪ್ರಶ್ನೆಯನ್ನು ಹಾಕಬೇಕು. ಪ್ರಶ್ನೆಯನ್ನು ಸರಿಯಾಗಿಯೇ ಹಾಕಬೇಕು. ಈ ಲೇಖನದ ವಿಷಯವು ಆ ಪ್ರಶ್ನೆಯ ರಚನೆಯೇ.

ಈ ನಕ್ಷೆಯ ಮಾಹಿತಿಯು ದೊರೆಯುವ ರೂಪಗಳಲ್ಲಿ ಎಕ್ಸ್.ಎಂ.ಎಲ್. ಎಂಬುದು ಮುಖ್ಯವಾದುದು. 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ಇದನ್ನು ಪ್ರಕಟಿಸಿತು. ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನು ಇಟ್ಟಂತೆ ಮಾಹಿತಿಯನ್ನು ಒಂದರೊಳಗೊಂದು ಇರಿಸುವುದೇ ಇದರ ಕ್ರಮ. ಒಂದೊಂದು ಪೆಟ್ಟಿಗೆಗೆ ಘಟಕವೆಂದು ಹೆಸರು. ಪೆಟ್ಟಿಗೆಯ ಮೇಲೆ ಬರೆದಿರುವ ಸಣ್ಣ ವಿವರಗಳಿಗೆ ಗುಣಗಳೆಂದು ಹೆಸರು. ಘಟಕಗಳಿಗೂ ಗುಣಗಳಿಗೂ ಕನ್ನಡದಲ್ಲಿಯೇ ಹೆಸರಿಡುವುದಕ್ಕೆ ಎಕ್ಸ್.ಎಂ.ಎಲ್. ನಿಯಮಗಳಲ್ಲಿ ಯಾವ ಅಡ್ಡಿಯೂ ಇಲ್ಲವೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಓಪನ್‌ಸ್ಟ್ರೀಟ್‌ಮ್ಯಾಪಿನ ಕಡತದಲ್ಲಿ ‘ನೋಡ್’, ‘ವೇ’, ‘ಟ್ಯಾಗ್’ ಎಂದು ರೋಮನ್ ಲಿಪಿಯಲ್ಲಿರುವ ಹೆಸರುಗಳನ್ನು ನಾವು ಇಲ್ಲಿ ಬಿಂದು, ದಾರಿ, ಚೀಟಿ ಎಂದು ಬರೆದುಕೊಳ್ಳೋಣ. ಟ್ಯಾಗಿನ ‘ಕೆ’, ‘ವಿ’ ಎಂಬ ಎರಡು ಗುಣಗಳನ್ನು ವಿಷಯ, ವಿವರ ಎಂದು ಕರೆಯೋಣ. ಈ ಕೆಳಗಿನ ಮಾದರಿಯು ಪಾಠಕ್ಕಾಗಿ ರಚಿಸಿದ್ದು, ಕಡತದಿಂದ ಎತ್ತಿಕೊಂಡದ್ದಲ್ಲ. ಅಕ್ಷಾಂಶ ರೇಖಾಂಶಗಳನ್ನು ಸ್ಥಳಾಭಾವದಿಂದ ಬಿಟ್ಟಿದ್ದೇವೆ.

<ನಕ್ಷೆ>
  <ಬಿಂದು ಸಂಖ್ಯೆ="1">
    <ಚೀಟಿ ವಿಷಯ="ರೈಲು" ವಿವರ="ನಿಲ್ದಾಣ"/>
    <ಚೀಟಿ ವಿಷಯ="ಕನ್ನಡ-ಹೆಸರು" ವಿವರ="ತೊಂಡೇಬಾವಿ"/>
  </ಬಿಂದು>
  <ಬಿಂದು ಸಂಖ್ಯೆ="2">
    <ಚೀಟಿ ವಿಷಯ="ರೈಲು" ವಿವರ="ಹಾಲ್ಟು"/>
    <ಚೀಟಿ ವಿಷಯ="ಸಾರಿಗೆ" ವಿವರ="ನಿಲ್ದಾಣ"/>
  </ಬಿಂದು>
  <ಬಿಂದು ಸಂಖ್ಯೆ="3">
    <ಚೀಟಿ ವಿಷಯ="ರೈಲು" ವಿವರ="ಗೇಟು"/>
  </ಬಿಂದು>
  <ಬಿಂದು ಸಂಖ್ಯೆ="4">
    <ಚೀಟಿ ವಿಷಯ="ಸ್ಥಳ" ವಿವರ="ಹಳ್ಳಿ"/>
    <ಚೀಟಿ ವಿಷಯ="ರೋಮನ್-ಹೆಸರು" ವಿವರ="……"/>
  </ಬಿಂದು>
  <ಬಿಂದು ಸಂಖ್ಯೆ="5">
    <ಚೀಟಿ ವಿಷಯ="ಸ್ಥಳ" ವಿವರ="ಹಳ್ಳಿ"/>
    <ಚೀಟಿ ವಿಷಯ="ಕನ್ನಡ-ಹೆಸರು" ವಿವರ="ತೊಂಡೇಬಾವಿ"/>
  </ಬಿಂದು>
  <ದಾರಿ ಸಂಖ್ಯೆ="21">
    <ಗುರುತು ಬಿಂದು="5"/>
    <ಗುರುತು ಬಿಂದು="3"/>
    <ಗುರುತು ಬಿಂದು="4"/>
    <ಚೀಟಿ ವಿಷಯ="ರಸ್ತೆ" ವಿವರ="ಹಳ್ಳಿ-ರಸ್ತೆ"/>
  </ದಾರಿ>
  <ದಾರಿ ಸಂಖ್ಯೆ="22">
    <ಗುರುತು ಬಿಂದು="1"/>
    <ಗುರುತು ಬಿಂದು="3"/>
    <ಗುರುತು ಬಿಂದು="2"/>
    <ಚೀಟಿ ವಿಷಯ="ರೈಲು" ವಿವರ="ಹಳಿ"/>
  </ದಾರಿ>
</ನಕ್ಷೆ>

ಬಿಂದುವೆಂದರೆ ಭೂಮಿಯ ಮೇಲಿನ ಒಂದು ತಾಣ. ದಾರಿಯೆಂದರೆ ಬಿಂದುಗಳನ್ನು ಕ್ರಮವಾಗಿ ಪೋಣಿಸಿದ ಸರ. ಸರದಲ್ಲಿರುವ ‘ಗುರುತು’ ಎಂಬ ಘಟಕವು ಬಿಂದುವಿನ ಸಂಖ್ಯೆಯನ್ನಷ್ಟೇ ಹೇಳುತ್ತದೆ. ರಸ್ತೆಯೂ ಹಳಿಯೂ ಒಂದನ್ನೊಂದು ಅಡ್ಡಹಾಯುವಲ್ಲಿ ಗೇಟಿರುವುದರಿಂದ, 3ನೆಯ ಬಿಂದುವು ಎರಡು ಸರಗಳಲ್ಲಿಯೂ ಕಾಣಿಸಿಕೊಂಡಿರುವುದನ್ನು ಗಮನಿಸಬೇಕು.

ಇಂಥ ಕಡತದಿಂದ ಬೇಕಾದ ಘಟಕಗಳನ್ನು ಆರಿಸಿಕೊಳ್ಳುವುದಕ್ಕಾಗಿ ಏರ್ಪಟ್ಟ ಭಾಷೆಗೆ ಎಕ್ಸ್‌ಪಾತ್ ಎಂದು ಹೆಸರು. ಜೇಮ್ಸ್ ಕ್ಲಾರ್ಕ್, ಸ್ಟೀವ್ ಡಿರೋಸ್ ಇವರ ಸಂಪಾದಕತ್ವದಲ್ಲಿ ಅದರ ಮೊದಲನೆಯ ಆವೃತ್ತಿಯು 1999ರ ನವೆಂಬರ್ 16ರಂದು ಹೊರಬಂದಿತು. ಇದರಲ್ಲಿ ಹಾದಿಯನ್ನು ಓರೆಗೆರೆಗಳಿಂದ ಸೂಚಿಸುತ್ತಾರೆ. //ಬಿಂದು ಎಂದು ಬರೆದರೆ ಕಡತದಲ್ಲಿ ಎಲ್ಲಿದ್ದರೂ ಸರಿಯೆ, ಬಿಂದುಗಳೆಲ್ಲವೂ ಎಂದರ್ಥ. @ ಎಂಬ ಚಿಹ್ನೆಯು ಮುಂದೆ ಬರುವುದು ಗುಣವೆಂಬುದನ್ನು ತಿಳಿಸುತ್ತದೆ. ಎಲ್ಲ ಬಿಂದುಗಳೂ ಬೇಡ, ಕೆಲವೇ ಸಾಕು ಎಂದಾಗ ಹೆಸರಿನ ಮುಂದೆ ಚೌಕ ಆವರಣವನ್ನು ಹಾಕಿ ಅದರೊಳಗೆ ಷರತ್ತನ್ನು ಬರೆಯಬೇಕು.

//ಬಿಂದು[@ಸಂಖ್ಯೆ='3']

ಎಂದರೆ ಸಂಖ್ಯೆಯು 3 ಆಗಿರುವ ಬಿಂದು. ಇಷ್ಟು ಸುಲಭ. ಇನ್ನು ಆವರಣದೊಳಗೆ ಗುಣದ ಬದಲು ಒಂದು ಹಾದಿಯನ್ನೇ ಇಡಬಹುದು. //ಬಿಂದು[ಚೀಟಿ] ಎಂದರೆ ಚೀಟಿಯುಳ್ಳ ಬಿಂದು. ಇಲ್ಲಿ ನಮಗೆ ದೊರೆಯುವುದು ಬಿಂದುವೇ ಹೊರತು ಚೀಟಿಯಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಕೇಳಿ ತೀರ್ಪನ್ನು ಕಕ್ಷಿಗಾರನಿಗೆ ಕೊಡುವಂತೆ, ಒಳಗಿರುವ ಚೀಟಿಯು ಸಾಕ್ಷಿ ನುಡಿದು ಅಲ್ಲಿಯೇ ನಿಲ್ಲುತ್ತದೆ. ಒಬ್ಬ ಸಾಕ್ಷಿಯಾದರೂ ದೊರೆತರೆ ಷರತ್ತು ಸಂದಂತೆ. ಒಬ್ಬನೂ ದೊರೆಯದಿದ್ದರೆ ಬಿದ್ದುಹೋದಂತೆ. ಈ ಸಾಕ್ಷಿಗೂ ಒಂದು ಷರತ್ತನ್ನು ಹಾಕಿದರೆ, ಅದೇ ಷರತ್ತಿನೊಳಗಿನ ಷರತ್ತು:

//ಬಿಂದು[ಚೀಟಿ[@ವಿಷಯ='ಕನ್ನಡ-ಹೆಸರು']]

ಇದನ್ನು ನೋಡಿ ಬೆದರುವ ವಿದ್ಯಾರ್ಥಿಗಳಿಗೆ ಒಂದು ಉಪಾಯವುಂಟು. ಕನ್ನಡದಲ್ಲಿ ವಿಶೇಷಣವೂ ಕೃದಂತವೂ ನಾಮಪದದ ಹಿಂದೆ ಬರುತ್ತವೆ. ಎಕ್ಸ್‌ಪಾತ್‌ನಲ್ಲಿ ಷರತ್ತು ನಾಮಪದದ ಮುಂದೆ ಬರುತ್ತದೆ. ಆದುದರಿಂದ ಎಷ್ಟೇ ತೊಡಕಾದ ಸೂತ್ರವಾದರೂ ಅತ್ಯಂತ ಒಳಗಣ ಆವರಣದಿಂದ ಆರಂಭಿಸಿ ಹೊರಗೆ ಬರುತ್ತ ಓದಿದರೆ ಶುದ್ಧ ಕನ್ನಡ ವಾಕ್ಯವೇ ತಯಾರಾಗುತ್ತದೆ: “ವಿಷಯವು ಕನ್ನಡ-ಹೆಸರು ಆಗಿರುವ ಚೀಟಿಯುಳ್ಳ ಬಿಂದು.” ಇಂಗ್ಲಿಷನ್ನು ನಡುವೆ ತಂದು ಭಾಷಾಂತರಿಸಿಕೊಳ್ಳುವವರು ಇಲ್ಲಿ ವೃಥಾ ಕಷ್ಟಪಡುತ್ತಾರೆಂದು ನಮಗೆ ತೋರುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ರೈಲು ನಿಲ್ದಾಣಗಳನ್ನು ಆರಿಸಬೇಕಾಗಿದೆ. ವಿಷಯವು ‘ರೈಲು’ ಆಗಿರಬೇಕು, ವಿವರವು ‘ನಿಲ್ದಾಣ’ ಆಗಿರಬೇಕು. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ. (ಎಕ್ಸ್‌ಪಾತ್‌ನ ಸ್ವಂತ ಪದಗಳಾದ ‘ಆಂಡ್’, ‘ನಾಟ್’ ಮುಂತಾದವುಗಳನ್ನು ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಕೊಡಬೇಕು, ಇಲ್ಲಿ ಓದಿನ ಅನುಕೂಲಕ್ಕಾಗಿ ಕ್ರಮವಾಗಿ ‘ಮತ್ತು’, ‘ಇಲ್ಲ’ ಎಂದು ಅಚ್ಚುಮಾಡಿದೆ.)

//ಬಿಂದು[ಚೀಟಿ/@ವಿಷಯ='ರೈಲು' ಮತ್ತು ಚೀಟಿ/@ವಿವರ='ನಿಲ್ದಾಣ']

ನೋಡುವುದಕ್ಕೆ ನಿರ್ದೋಷವಾಗಿದೆ. ಆದರೆ ಉತ್ತರವಾಗಿ 1ನೆಯ ಬಿಂದುವಿನ ಜೊತೆಗೆ 2ನೆಯದೂ ಬರುತ್ತದೆ! 2ನೆಯದು ಹಾಲ್ಟು, ಅದರ ಮೊದಲನೆಯ ಚೀಟಿಯಲ್ಲಿ ವಿಷಯವು ರೈಲು, ಎರಡನೆಯ ಚೀಟಿಯಲ್ಲಿ ವಿವರವು ನಿಲ್ದಾಣ. ನಾವು ಕೇಳಿದ್ದೇನು? “ರೈಲೆಂದು ಹೇಳುವ ಸಾಕ್ಷಿ ಇದ್ದಾನೆಯೆ? ನಿಲ್ದಾಣವೆಂದು ಹೇಳುವ ಸಾಕ್ಷಿ ಇದ್ದಾನೆಯೆ?” ಇಬ್ಬರೂ ಇದ್ದಾರೆ, ಆದರೆ ಅವರು ಬೇರೆಬೇರೆಯವರು. ಎರಡು ಮಾತುಗಳನ್ನೂ ಒಬ್ಬನೇ ಸಾಕ್ಷಿ ಹೇಳಬೇಕೆಂದು ನಾವು ಎಲ್ಲಿಯೂ ವಿಧಿಸಲಿಲ್ಲ. ಯಂತ್ರವು ನಮ್ಮ ಮನಸ್ಸಿನಲ್ಲಿದ್ದುದನ್ನು ಊಹಿಸುವುದಿಲ್ಲವಷ್ಟೆ. ಇದು ಕೇವಲ ಪಾಠಕ್ಕಾಗಿ ಕಲ್ಪಿಸಿದ ತೊಂದರೆಯೂ ಅಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಾಲ್ಟಿನ ಬಿಂದುವಿಗೆ ಸಾರ್ವಜನಿಕ ಸಾರಿಗೆಯ ನಿಲ್ದಾಣವೆಂಬ ಇನ್ನೊಂದು ಚೀಟಿಯನ್ನು ಹಚ್ಚುವ ರೂಢಿ ನಿಜವಾಗಿಯೂ ಇದೆ. ಹಾಲ್ಟಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ಈ ಪಟ್ಟಿಯನ್ನು ನಂಬಿ ಹೊರಟ ಪ್ರಯಾಣಿಕನ ಪಾಡನ್ನು ಓದುಗರೇ ಊಹಿಸಬಹುದು.

ಸರಿಯಾದ ಸೂತ್ರವು ಇದು:

//ಬಿಂದು[ಚೀಟಿ[@ವಿಷಯ='ರೈಲು' ಮತ್ತು @ವಿವರ='ನಿಲ್ದಾಣ']]

ಒಳಗಣ ಆವರಣದೊಳಗೆ ಕಾಲಿಟ್ಟೊಡನೆಯೇ ನಾವು ನಿಂತ ನೆಲ ಬದಲಾಯಿತು. ಹೊರಗಿನ ಆವರಣದಲ್ಲಿ ನಾವು ಬಿಂದುವಿನ ಬಳಿ ನಿಂತಿದ್ದೆವು. ಈಗ ಒಂದು ಚೀಟಿಯ ಬಳಿ ನಿಂತಿದ್ದೇವೆ. ಇಲ್ಲಿ ಕೇಳುವ ಎರಡು ಪ್ರಶ್ನೆಗಳೂ ಆ ಒಂದು ಚೀಟಿಯನ್ನು ಕುರಿತೇ ಇರುತ್ತವೆ. ಷರತ್ತನ್ನು ಬರೆಯುವಾಗ “ಇದನ್ನು ಯಾರನ್ನು ಕುರಿತು ಕೇಳುತ್ತಿದ್ದೇನೆ?” ಎಂದು ಮೊದಲು ನಿರ್ಧರಿಸಿ, ಅವರ ಆವರಣದಲ್ಲಿಯೇ ಅದನ್ನು ಇರಿಸಬೇಕು. ಈ ಸೂತ್ರವು 1ನೆಯ ಬಿಂದುವನ್ನು ಮಾತ್ರ ಆರಿಸುತ್ತದೆ.

ಇನ್ನು ನಮ್ಮ ವಿದ್ಯಾರ್ಥಿಯ ಪ್ರಶ್ನೆ: ಕನ್ನಡದ ಹೆಸರಿಲ್ಲದ ಹಳ್ಳಿಗಳು ಯಾವುವು? ‘ಇಲ್ಲ’ ಎಂಬ ಮಾತು ಬಂದೊಡನೆ ಎಚ್ಚರಿಕೆ ಇಮ್ಮಡಿಯಾಗಬೇಕು. ಎಕ್ಸ್‌ಪಾತ್‌ನಲ್ಲಿ ‘ಸಮವಲ್ಲ’ ಎಂಬುದಕ್ಕೆ != ಎಂಬ ಚಿಹ್ನೆಯಿದೆ. ಅದನ್ನು ಕಂಡವರು ಕೂಡಲೇ ಹೀಗೆ ಬರೆದುಬಿಡುತ್ತಾರೆ:

//ಬಿಂದು[ಚೀಟಿ[@ವಿಷಯ='ಸ್ಥಳ' ಮತ್ತು @ವಿವರ='ಹಳ್ಳಿ']][ಚೀಟಿ[@ವಿಷಯ != 'ಕನ್ನಡ-ಹೆಸರು']]

ಉತ್ತರ: 4 ಮತ್ತು 5. ಐದನೆಯದು ತೊಂಡೇಬಾವಿ, ಅದಕ್ಕೆ ಕನ್ನಡದ ಹೆಸರು ಇದ್ದೇ ಇದೆ! ಒಳಗಿನಿಂದ ಹೊರಕ್ಕೆ ಓದಿದರೆ ದೋಷವು ತಾನಾಗಿ ಹೊರಬೀಳುತ್ತದೆ: “ವಿಷಯವು ಕನ್ನಡ-ಹೆಸರು ಅಲ್ಲದಿರುವ ಚೀಟಿಯುಳ್ಳ ಬಿಂದು.” ತೊಂಡೇಬಾವಿಗೆ ಅಂಥ ಚೀಟಿಯೊಂದಿದೆ, ‘ಸ್ಥಳ: ಹಳ್ಳಿ’ ಎಂಬುದೇ ಆ ಚೀಟಿ. ಹಳ್ಳಿಯೆಂದು ಗುರುತಿಸಿದ ಯಾವ ಬಿಂದುವಿಗಾದರೂ ಈ ಚೀಟಿ ಇದ್ದೇ ಇರುವುದರಿಂದ, ನಮ್ಮ ಎರಡನೆಯ ಷರತ್ತು ಯಾರನ್ನೂ ತಡೆಯದೆ ಎಲ್ಲರನ್ನೂ ಒಳಗೆ ಬಿಡುವ ಬಾಗಿಲಾಯಿತು.

ನಮಗೆ ಬೇಕಾದದ್ದು “ಕನ್ನಡ-ಹೆಸರಿನ ಚೀಟಿ ಇಲ್ಲದಿರುವ ಬಿಂದು”. ‘ಅಲ್ಲ’ ಮತ್ತು ‘ಇಲ್ಲ’ ಇವುಗಳಿಗಿರುವ ಭೇದವನ್ನು ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪದವು ಎರಡು ಕೆಲಸಗಳನ್ನೂ ಮಾಡುವುದರಿಂದ ಅಲ್ಲಿನವರು ಎಡವುವುದು ಸಹಜ. ನಮ್ಮ ಭಾಷೆಯಾದರೋ ಮೊದಲಿಗೇ ಎರಡು ದಾರಿಗಳನ್ನು ತೋರಿಸಿಕೊಟ್ಟಿದೆ. ಚೀಟಿಯು ಇಂಥದು ಅಲ್ಲ ಎಂಬುದು ಚೀಟಿಯನ್ನು ಕುರಿತ ಮಾತು. ಇಂಥ ಚೀಟಿಯೇ ಇಲ್ಲ ಎಂಬುದು ಬಿಂದುವನ್ನು ಕುರಿತ ಮಾತು. ಆದಕಾರಣ ನಿಷೇಧವನ್ನು ಒಳಗಣ ಆವರಣದಿಂದ ಎತ್ತಿ ಹೊರಗೆ ತರಬೇಕು:

//ಬಿಂದು[ಚೀಟಿ[@ವಿಷಯ='ಸ್ಥಳ' ಮತ್ತು @ವಿವರ='ಹಳ್ಳಿ']][ಇಲ್ಲ(ಚೀಟಿ[@ವಿಷಯ='ಕನ್ನಡ-ಹೆಸರು'])]

ಯಂತ್ರವು ಮೊದಲು ಕನ್ನಡ-ಹೆಸರಿನ ಚೀಟಿಗಳನ್ನು ಹುಡುಕುತ್ತದೆ. ಒಂದೂ ಸಿಕ್ಕದಿದ್ದರೆ ಮಾತ್ರ ‘ಇಲ್ಲ’ ಎಂಬುದು ನಿಜವಾಗುತ್ತದೆ. ಈಗ 4ನೆಯ ಬಿಂದುವೊಂದೇ ದೊರೆಯಿತು. ಚಿಹ್ನೆಯನ್ನು ಬಿಟ್ಟು ಚೀಟಿ[ಇಲ್ಲ(@ವಿಷಯ='ಕನ್ನಡ-ಹೆಸರು')] ಎಂದು ಬರೆದರೆ ಆಗದೆ ಎಂದು ಕೇಳಬಹುದು. ಆಗದು. ‘ಇಲ್ಲ’ ಎಂಬ ಪದವನ್ನು ಬಳಸಿದ್ದರೂ ಅದು ಚೀಟಿಯ ಆವರಣದೊಳಗೆ ಕುಳಿತಿರುವುದರಿಂದ ಹಿಂದಿನ ತಪ್ಪೇ ಮರುಕಳಿಸುತ್ತದೆ. ಇಂಥ ತಪ್ಪು ಸೂತ್ರದಿಂದ ದೊರೆತ ಪಟ್ಟಿಯಲ್ಲಿ ಹೆಸರಿರುವ ಹಳ್ಳಿಗಳೂ ಇಲ್ಲದ ಹಳ್ಳಿಗಳೂ ಬೆರೆತುಹೋಗಿ, ಯಾವುದಕ್ಕೆ ಹೆಸರು ಬೇಕೆಂಬುದು ಮತ್ತೆ ಕಣ್ಣಿನಿಂದಲೇ ಹುಡುಕುವ ಕೆಲಸವಾಗುತ್ತದೆ. ಅಲ್ಲದೆ, ಯಂತ್ರವು ಯಾವ ದೋಷವನ್ನೂ ವರದಿಮಾಡುವುದಿಲ್ಲ. ಸೂತ್ರವು ವ್ಯಾಕರಣಬದ್ಧವಾಗಿಯೇ ಇದೆಯಲ್ಲ! ನಿಜವಾದ ಕಡತದಲ್ಲಿ ಕನ್ನಡದ ಹೆಸರಿಗೆ ‘ನೇಮ್’ ಎಂಬ ಪದದ ಮುಂದೆ ವಿವರಣ ಚಿಹ್ನೆಯನ್ನೂ, ಕನ್ನಡದ ಅಂತರರಾಷ್ಟ್ರೀಯ ಸಂಕೇತವಾದ ‘ಕೆಎನ್’ ಎಂಬ ಎರಡಕ್ಷರವನ್ನೂ ಸೇರಿಸುತ್ತಾರೆಂಬುದನ್ನು ಪ್ರಯೋಗ ಮಾಡುವವರು ನೆನಪಿನಲ್ಲಿಡಬೇಕು.

ಒಳಷರತ್ತಿನ ಪೂರ್ಣ ಶಕ್ತಿಯು ಕಾಣುವುದು ಕಡತದ ಒಂದು ಭಾಗವನ್ನು ಇನ್ನೊಂದು ಭಾಗದೊಡನೆ ಹೋಲಿಸುವಾಗ. ರೈಲ್ವೆ ಗೇಟನ್ನು ಹಾದುಹೋಗುವ ರಸ್ತೆಗಳು ಯಾವುವು? ರೋಗಿಯನ್ನು ಗೌರಿಬಿದನೂರಿನ ಆಸ್ಪತ್ರೆಗೆ ಸಾಗಿಸುವ ವಾಹನದವನಿಗೆ ಇದು ತಿಳಿದಿರಬೇಕಾದ ವಿಷಯ. ಗೇಟೆಂಬ ಚೀಟಿ ಇರುವುದು ಬಿಂದುವಿನಲ್ಲಿ. ರಸ್ತೆಯೆಂಬ ಚೀಟಿ ಇರುವುದು ದಾರಿಯಲ್ಲಿ. ಇವೆರಡನ್ನೂ ಬೆಸೆಯುವುದು ಸಂಖ್ಯೆಯೊಂದೇ.

//ದಾರಿ[ಚೀಟಿ[@ವಿಷಯ='ರಸ್ತೆ']][ಗುರುತು[@ಬಿಂದು = //ಬಿಂದು[ಚೀಟಿ[@ವಿಷಯ='ರೈಲು' ಮತ್ತು @ವಿವರ='ಗೇಟು']]/@ಸಂಖ್ಯೆ]]

ಉದ್ದವಾದರೂ ಕಠಿಣವಲ್ಲ. ಅತ್ಯಂತ ಒಳಗಿನಿಂದ ಹೊರಡೋಣ. ರೈಲು ಗೇಟೆಂಬ ಚೀಟಿಯುಳ್ಳ ಬಿಂದುವಿನ ಸಂಖ್ಯೆ; ಆ ಸಂಖ್ಯೆಯನ್ನು ಹೇಳುವ ಗುರುತು; ಆ ಗುರುತುಳ್ಳ, ರಸ್ತೆಯೆಂಬ ಚೀಟಿಯೂ ಉಳ್ಳ ದಾರಿ. ಉತ್ತರವು 21. ಹಳಿಯೂ ಅದೇ ಗೇಟನ್ನು ಹಾಯುತ್ತದೆಯಾದರೂ ಅದಕ್ಕೆ ರಸ್ತೆಯ ಚೀಟಿ ಇಲ್ಲದಿರುವುದರಿಂದ 22 ಬಿದ್ದುಹೋಯಿತು. ಗೇಟುಗಳು ಹಲವಿದ್ದರೂ ಚಿಂತೆಯಿಲ್ಲ: = ಚಿಹ್ನೆಯ ಬಲಗಡೆ ಎಷ್ಟೇ ಸಂಖ್ಯೆಗಳಿರಲಿ, ಅವುಗಳಲ್ಲಿ ಒಂದಕ್ಕೆ ಸಮನಾದರೂ ಸಾಕು.

ಇಲ್ಲಿ ಬಿಂದುವಿನ ಹಿಂದೆ // ಏಕೆ ಬೇಕು? ಆ ಆವರಣದಲ್ಲಿ ನಾವು ನಿಂತಿರುವುದು ‘ಗುರುತು’ ಎಂಬ ಘಟಕದ ಬಳಿ. ಬರಿದೇ ‘ಬಿಂದು’ ಎಂದರೆ ಗುರುತಿನ ಒಳಗಿರುವ ಬಿಂದುಗಳನ್ನು ಹುಡುಕಬೇಕಾಗುತ್ತದೆ. ಅಲ್ಲಿ ಒಂದೂ ಇಲ್ಲ. // ಎಂದೊಡನೆ ಯಂತ್ರವು ಕಡತದ ಬುಡಕ್ಕೆ ಹಿಂದಿರುಗಿ ಅಲ್ಲಿಂದ ಹುಡುಕಲಾರಂಭಿಸುತ್ತದೆ. ಕಡತವು ದೊಡ್ಡದಾದರೆ, ಒಂದೊಂದು ಗುರುತಿಗೂ ಹೀಗೆ ಬುಡದಿಂದ ಹುಡುಕುವುದರಲ್ಲಿ ಬಹಳ ಕಾಲ ವ್ಯರ್ಥವಾಗಬಹುದು. ಎಕ್ಸ್‌ಪಾತ್‌ನೊಡನೆ ಅದೇ ದಿನ ಪ್ರಕಟವಾದ ಎಕ್ಸ್.ಎಸ್.ಎಲ್.ಟಿ. ಎಂಬ ಭಾಷೆಯಲ್ಲಿ, ಪುಸ್ತಕದ ಕೊನೆಯ ಅಕಾರಾದಿಯಂತೆ ಸಂಖ್ಯೆಗಳ ಸೂಚಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳುವ ಸೌಕರ್ಯವಿದೆ.

ಆವರಣಗಳನ್ನು ಒಂದರ ಮುಂದೊಂದಾಗಿ ಇಡುವಾಗ ಕ್ರಮಕ್ಕೂ ಬೆಲೆಯುಂಟು. 22ನೆಯ ದಾರಿಯಲ್ಲಿ ಗುರುತು[@ಬಿಂದು='3'][1] ಎಂದರೆ, 3ನೆಯ ಬಿಂದುವನ್ನು ಹೇಳುವ ಗುರುತುಗಳಲ್ಲಿ ಮೊದಲನೆಯದು; ಅದು ದೊರೆಯುತ್ತದೆ. ಗುರುತು[1][@ಬಿಂದು='3'] ಎಂದರೆ, ಮೊದಲನೆಯ ಗುರುತು, ಅದೂ 3ನ್ನು ಹೇಳುವಂತಿದ್ದರೆ; ಅದು ಹೇಳುವುದು 1ನ್ನಾದ್ದರಿಂದ ಏನೂ ದೊರೆಯದು.

ಇದನ್ನೆಲ್ಲ ಪ್ರಯೋಗಿಸಿ ನೋಡಲಿಚ್ಛಿಸುವವರು ಪೈಥಾನ್ ಭಾಷೆಯ ‘ಎಲ್‌ಎಕ್ಸ್‌ಎಂಎಲ್’ ಎಂಬ ಸಾಧನವನ್ನು ಬಳಸಬಹುದು; ಅದು ಎಕ್ಸ್‌ಪಾತ್‌ನ ಮೊದಲ ಆವೃತ್ತಿಯನ್ನು ಸಂಪೂರ್ಣವಾಗಿ ಬಲ್ಲುದು. ಪೈಥಾನಿನೊಡನೆಯೇ ಬರುವ ‘ಎಲಿಮೆಂಟ್‌ಟ್ರೀ’ ಎಂಬುದು ಈ ಭಾಷೆಯ ಅಲ್ಪಾಂಶವನ್ನು ಮಾತ್ರ ಅರಿತಿದ್ದು, ಷರತ್ತಿನೊಳಗಿನ ಷರತ್ತನ್ನು ಒಪ್ಪುವುದಿಲ್ಲ.

ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳು. ಯಾವ ಗೇಟನ್ನೂ ಹಾಯದ ರಸ್ತೆಗಳನ್ನು ಆರಿಸುವ ಸೂತ್ರವನ್ನು ಬರೆಯಿರಿ. ‘ಇಲ್ಲ’ ಎಂಬುದನ್ನು ಗುರುತಿನ ಆವರಣದ ಒಳಗಿಡಬೇಕೋ ಹೊರಗಿಡಬೇಕೋ ಯೋಚಿಸಿ. ನಮ್ಮ ಮಾದರಿಯಲ್ಲಿ ಇದಕ್ಕೆ ಸರಿಯಾದ ಉತ್ತರವು ಶೂನ್ಯ. ನಿಮಗೆ 21 ದೊರೆತರೆ ಸೂತ್ರವನ್ನು ಒಳಗಿನಿಂದ ಹೊರಕ್ಕೆ ಇನ್ನೊಮ್ಮೆ ಓದಿರಿ. ಎರಡನೆಯದಾಗಿ, ಯಾರೋ ಕನ್ನಡ-ಹೆಸರು ಎಂಬ ಚೀಟಿಯನ್ನು ಹಚ್ಚಿ ವಿವರವನ್ನು ಬರೆಯದೆ ಖಾಲಿ ಬಿಟ್ಟಿದ್ದಾರೆ. ಅಂಥ ಹಳ್ಳಿಯೂ ಹೆಸರಿಲ್ಲದವುಗಳ ಪಟ್ಟಿಯಲ್ಲಿ ಸೇರುವಂತೆ ನಮ್ಮ ಸೂತ್ರವನ್ನು ತಿದ್ದಿರಿ.